ಇಪ್ಪತ್ತೆಂಟು ದಿನಕ್ಕೊಂದು ಕೆಂಪು ಸುತ್ತು

ಕಳೆದ ವರ್ಷದ ಡೈರಿಯಲ್ಲಿ ಜುಲೈ ಹನ್ನೆರಡರ ಪುಟದಲ್ಲಿ ಒಂದೇ ಸಾಲು ಇದೆ: ಎಡ 4, ಬಲ 3, ಒಟ್ಟು 7. ಫಳ್ನೀರಿನ ಒಂದು ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು ನನ್ನ ಎರಡು ಅಂಡಾಶಯಗಳಲ್ಲಿ ಎಣಿಸಿ ಹೇಳಿದ ಲೆಕ್ಕ ಅದು. ಅಂಡಾಣು ಬೆಳೆಯುವ ನೀರಿನ ಗುಳ್ಳೆಗಳು ಪರದೆಯ ಮೇಲೆ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ನನಗೆ ಆಗ ಇಪ್ಪತ್ತೊಂಬತ್ತು ವರ್ಷ. ಆ ವಯಸ್ಸಿಗೆ ಇನ್ನಷ್ಟು ಇರಬೇಕಿತ್ತು ಎಂದು ಡಾಕ್ಟರು ಹೇಳಿದ್ದನ್ನು ನಾನು ಬರೆದಿಲ್ಲ. ಅದು ಲೆಕ್ಕವಲ್ಲ, ಅಭಿಪ್ರಾಯ ಎಂದು ಬಿಟ್ಟಿದ್ದೆ.

ಏಳನೆಯ ತರಗತಿಯಿಂದ ನನಗೆ ಡೈರಿಯ ಅಭ್ಯಾಸ. ಮಳೆ ಹಿಡಿದ ದಿನ, ಕರೆಂಟು ಹೋಗಿ ಬಂದ ಹೊತ್ತು, ಓದಿ ಮುಗಿಸಿದ ಪುಸ್ತಕ, ತಿಂಗಳ ಮುಟ್ಟಿನ ದಿನಾಂಕ, ಎಲ್ಲವೂ ಅದರಲ್ಲಿ ಇರುತ್ತವೆ. ತಿಂಗಳಿನಿಂದ ತಿಂಗಳಿಗೆ ಎಷ್ಟು ದಿನ ಎಂಬುದನ್ನು ಅಂಚಿನಲ್ಲಿ ಬರೆಯುತ್ತೇನೆ. ಇಪ್ಪತ್ತೊಂಬತ್ತು ದಿನ ಇದ್ದದ್ದು ಇಪ್ಪತ್ತಾರಕ್ಕೆ ಇಳಿದು ಅಲ್ಲೇ ನಿಂತದ್ದು ಆ ಅಂಚಿನಲ್ಲಿ ಕಂಡದ್ದರಿಂದಲೇ ನಾನು ಡಾಕ್ಟರ ಬಳಿ ಹೋದದ್ದು. ಮದುವೆಯ ಮಾತು ಎರಡು ಕಡೆ ನಡೆದು ನಿಂತಿತ್ತು. ಮದುವೆ ತಡವಾದರೆ ಆಗಲಿ, ಆದರೆ ನನಗೆ ಮಗು ಬೇಕು. ಇದನ್ನು ಯಾರ ಬಳಿಯೂ ಹೇಳಿರಲಿಲ್ಲ. ಡೈರಿಯಲ್ಲಿ ಮಾತ್ರ ಒಮ್ಮೆ ಬರೆದು ಅಡಿಗೆರೆ ಹಾಕಿದ್ದೆ.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಪ್ರತಿ ಜೂನ್‌ನಲ್ಲಿ ವೀರ್ಯಾಣು ಮತ್ತು ಅಂಡಾಣು ಹೇಗೆ ಹುಟ್ಟುತ್ತವೆ ಎಂಬ ಪಾಠ ಬರುತ್ತದೆ. ಬೋರ್ಡಿನ ಎಡಭಾಗದಲ್ಲಿ ಒಂದು ಜೀವಕೋಶ ಒಡೆದು ನಾಲ್ಕು ವೀರ್ಯಾಣುಗಳಾಗುವ ಚಿತ್ರ ಬರೆಯುತ್ತೇನೆ. ಬಲಭಾಗದಲ್ಲಿ ಒಂದು ಕೋಶ ಒಡೆದು ಒಂದೇ ಅಂಡಾಣು ಆಗುತ್ತದೆ. ಒಡೆಯುವಾಗ ಬಂದ ಉಳಿದ ಚೂರುಗಳು ತೀರಾ ಸಣ್ಣವು. ಅಂಡಾಣು ಅವನ್ನು ಪಕ್ಕಕ್ಕೆ ತಳ್ಳುತ್ತದೆ, ಅವು ಕರಗಿ ಹೋಗುತ್ತವೆ. ಗಂಡಿನಲ್ಲಿ ಈ ಕೆಲಸ ಮುದಿತನದವರೆಗೆ ನಿತ್ಯ ನಡೆಯುತ್ತದೆ. ಹೆಣ್ಣಿನಲ್ಲಿ ಅದು ಹುಟ್ಟುವ ಮೊದಲೇ, ತಾಯಿಯ ಹೊಟ್ಟೆಯಲ್ಲೇ ಆಗಿಬಿಡುತ್ತದೆ. ಅಷ್ಟೂ ಅಂಡಾಣುಗಳು ಅಲ್ಲೇ ತಯಾರಾಗಿ, ಅಲ್ಲೇ ಒಡೆಯಲು ತೊಡಗಿ, ಅರ್ಧದಲ್ಲಿ ನಿಲ್ಲುತ್ತವೆ. ಆಮೇಲೆ ತಿಂಗಳಿಗೆ ಒಂದರಂತೆ ಎದ್ದು ಮುಂದಕ್ಕೆ ಹೋಗುತ್ತವೆ. ಉಳಿದವು ಕಾಯುತ್ತಾ ಕಾಯುತ್ತಾ ನಶಿಸುತ್ತವೆ. ಹುಡುಗರದ್ದು ಕಾರ್ಖಾನೆ, ಹುಡುಗಿಯರದ್ದು ಗೋದಾಮು, ಅದೂ ಬಂದರಿನ ಗೋದಾಮಿನ ಹಾಗಲ್ಲ, ಒಮ್ಮೆ ತುಂಬಿಸಿ ಬಾಗಿಲು ಹಾಕಿದ ಮೇಲೆ ಹೊಸ ಲಾರಿ ಬರುವುದಿಲ್ಲ ಎಂದು ನಾನು ಹೇಳುವಾಗ ತರಗತಿ ನಗುತ್ತಿತ್ತು. ಐದು ವರ್ಷ, ಹತ್ತು ತರಗತಿಗಳಲ್ಲಿ ಈ ಮಾತು ಹೇಳಿದ್ದೇನೆ.

ಫಳ್ನೀರಿನ ಡಾಕ್ಟರು ಅರವತ್ತರ ಹತ್ತಿರದ ಬ್ಯಾರಿ ಮುಸ್ಲಿಂ ಹೆಂಗಸು. ಮನೆಯವರೆಲ್ಲ ಬಂದರಿನಲ್ಲಿ ಮೆಣಸು, ಕೊತ್ತಂಬರಿ ಮಾರುವಾಗ ತಾನೊಬ್ಬಳು ಮಕ್ಕಳನ್ನು ಎಣಿಸಲು ಹೊರಟೆ ಎಂದು ಅವರೇ ತಮಾಷೆ ಮಾಡುತ್ತಿದ್ದರು. ಅಂದು ಅಮ್ಮ ನನ್ನ ಜೊತೆ ಬಂದಿದ್ದರು. ಡಾಕ್ಟರು ಫೈಲಿನಿಂದ ತಲೆ ಎತ್ತದೆ ಅಮ್ಮನಿಗೆ ತಿಂಗಳು ನಿಂತದ್ದು ಎಷ್ಟನೇ ವಯಸ್ಸಿಗೆ ಎಂದು ಕೇಳಿದರು. ಇದು ತಾಯಿಯಿಂದ ಮಗಳಿಗೆ ಬರುವುದುಂಟು, ಅದಕ್ಕೇ ಕೇಳುವುದು ಎಂದೂ ಸೇರಿಸಿದರು.

"ಐವತ್ತು," ಎಂದರು ಅಮ್ಮ. "ಸರಿಯಾಗಿ ಐವತ್ತು."

ಡಾಕ್ಟರು ಅದನ್ನು ಬರೆದುಕೊಂಡರು. ಹಾಗಾದರೆ ಅಷ್ಟು ಗಾಬರಿ ಬೇಡ, ಏಳು ಕಡಿಮೆಯೇ ಆದರೂ ತಾಯಿಯ ಲೆಕ್ಕ ಒಳ್ಳೆಯದಿದೆ, ಮುಂದಿನ ವರ್ಷ ಇನ್ನೊಮ್ಮೆ ನೋಡುವ ಎಂದು ಹೇಳಿ ಕಳುಹಿಸಿದರು. ಆಟೋದಲ್ಲಿ ಅಮ್ಮ ಹೊರಗೆ ನೋಡುತ್ತಾ ಕೂತಿದ್ದರು. ಬಿಜೈಯ ನಮ್ಮ ಮನೆಯ ತಿರುವು ಬಂದದ್ದೂ ಅವರಿಗೆ ಗೊತ್ತಾಗಲಿಲ್ಲ. ಇದನ್ನು ನಾನು ಅಂದೇ ಬರೆದಿದ್ದೇನೆ, ಯಾಕೆಂದು ಗೊತ್ತಿಲ್ಲದೆ.

ಆಮೇಲಿನ ತಿಂಗಳುಗಳಲ್ಲಿ ಅಂಚಿನ ಅಂಕಿಗಳು ಹೀಗಿವೆ: 27, 26, 27, 24, 25, 23, 23, 24, 22, 40. ನಲವತ್ತು ಬಂದಾಗ ಏಪ್ರಿಲ್. ಅಮ್ಮನಿಗೆ ಹೇಳಿದೆ. ಪರೀಕ್ಷೆಯ ಪೇಪರ್ ತಿದ್ದುವ ಒತ್ತಡಕ್ಕೆ ಹಾಗಾಗಿದೆ, ಬಾರ್ಲಿ ನೀರು ಕುಡಿ ಎಂದರು. ಐವತ್ತು ಎಂಬ ಮಾತು ನನ್ನ ತಲೆಯಲ್ಲಿತ್ತು. ನನಗೆ ಇನ್ನೂ ಇಪ್ಪತ್ತು ವರ್ಷ ಇದೆ ಎಂದು ನಂಬಿದ್ದೆ.

ಮೇ ಹದಿನೇಳು, ಭಾನುವಾರ. ಮಳೆಗಾಲಕ್ಕೆ ಮೊದಲು ಕಪಾಟಿನ ಮೇಲಿನ ಹಳೆ ಕಾಗದ ಇಳಿಸಿ ಗೆದ್ದಲು ನೋಡುವುದು ನಮ್ಮ ಮನೆಯ ಕ್ರಮ. ಅಲ್ಲಿ ಅಜ್ಜಿಯ ಕ್ಯಾಲೆಂಡರುಗಳ ಸುರುಳಿ ಇತ್ತು. ಅಜ್ಜಿ ಎಂದರೆ ಅಮ್ಮನ ಅಮ್ಮ. ಐದು ವರ್ಷದ ಹಿಂದೆ ತೀರಿಕೊಂಡರು. ಅವರಿದ್ದಷ್ಟು ಕಾಲ ಮನೆ ಅವರ ಕೈಯಲ್ಲಿತ್ತು. ಅಪ್ಪ ಪುಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದು ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಿದ್ದರು. ನಮ್ಮದು ದೈವವನ್ನು ನಂಬಿದ ಮನೆ. ದೈವಕ್ಕೆ ದೀಪ ಇಡುವ ಸಣ್ಣ ಕೋಣೆಯೊಂದಿದೆ. ಮುಟ್ಟಾದ ಹೆಂಗಸು ಮೂರು ದಿನ ಆ ಕೋಣೆಯ ಕಡೆ ಹೋಗುವಂತಿಲ್ಲ, ಒಲೆ ಮುಟ್ಟುವಂತಿಲ್ಲ, ಊಟ ಹಿಂದಿನ ಜಗಲಿಯಲ್ಲಿ. ಯಾರು ಯಾವಾಗ ಹೊರಗೆ ಎಂಬುದನ್ನು ಅಜ್ಜಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಗುರುತು ಮಾಡುತ್ತಿದ್ದರು. ಅಮ್ಮನಿಗೆ ಕೆಂಪು ಪೆನ್ಸಿಲ್, ನನಗೆ ನೀಲಿ, ನನಗಿಂತ ಐದು ವರ್ಷ ಸಣ್ಣವಳಾದ ತಂಗಿಗೆ ಹಸಿರು. ಕ್ಯಾಲೆಂಡರಿನ ಹಿಂಬದಿಯಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ಕೊಡುವ ತಂಬಿಲದ ಸಾಮಾನಿನ ಪಟ್ಟಿ ಬರೆದಿರುತ್ತಿದ್ದುದರಿಂದ ಒಂದನ್ನೂ ಎಸೆದಿರಲಿಲ್ಲ.

ಒಟ್ಟು ಇಪ್ಪತ್ತಮೂರು ಕ್ಯಾಲೆಂಡರುಗಳಿದ್ದವು. ಗೆದ್ದಲು ಇರಲಿಲ್ಲ. ಕೆಂಪು ಸುತ್ತುಗಳನ್ನು ಕಂಡ ಮೇಲೆ ನಡುವಿನ ದಿನಗಳನ್ನು ಎಣಿಸದೆ ಇರಲು ನನ್ನಿಂದ ಆಗಲಿಲ್ಲ. ನೆಲದ ಮೇಲೆ ಹರಡಿಕೊಂಡು ಹಳೆಯದರಿಂದ ತೊಡಗಿದೆ. ಮೊದಲ ವರ್ಷಗಳಲ್ಲಿ 29, 27, 30, 28, 31. ಯಾವ ದೇಹವೂ ಹೀಗೆಯೇ, ಒಂದೆರಡು ದಿನ ಆಚೀಚೆ. ಅಮ್ಮನಿಗೆ ಮೂವತ್ತೈದು ಆದ ವರ್ಷದಲ್ಲಿ 25, 23, 24, 22, 41, 58. ಅಲ್ಲಿಂದ ಎರಡೂವರೆ ತಿಂಗಳು ಏನೂ ಇಲ್ಲ. ಆಮೇಲೆ 28. ಮತ್ತೆ 28. ಮತ್ತೆ 28.

ನಾನು ಪುಟ ತಿರುಗಿಸುತ್ತಾ ಹೋದೆ. ಮುಂದಿನ ವರ್ಷ 28. ಅದರ ಮುಂದಿನ ವರ್ಷ 28. ಅಮ್ಮನಿಗೆ ಟೈಫಾಯಿಡ್ ಆಗಿ ಆಸ್ಪತ್ರೆಯಲ್ಲಿ ಮಲಗಿದ ವರ್ಷವೂ 28. ಮೂರು ಸಲ ಆ ಸುತ್ತು ತಂಬಿಲದ ದಿನದ ಮೇಲೆಯೇ ಬಿದ್ದಿತ್ತು. ಎಲ್ಲರೂ ಒಳಗೆ ಕೈಮುಗಿದು ನಿಂತಾಗ ಅಮ್ಮ ಹಿಂದಿನ ಜಗಲಿಯಲ್ಲಿ ಒಬ್ಬರೇ ಕೂತದ್ದು ನನಗೆ ನೆನಪಿದೆ. ಹದಿನಾಲ್ಕು ವರ್ಷಗಳಲ್ಲಿ ನೂರ ಎಂಬತ್ತೊಂದು ಸುತ್ತುಗಳು, ಯಾವ ಎರಡರ ನಡುವೆಯೂ ಒಂದು ದಿನದ ವ್ಯತ್ಯಾಸ ಇಲ್ಲ. ಜೀವ ಇರುವ ಯಾವುದೂ ಅಷ್ಟು ಸರಿಯಾಗಿ ನಡೆಯುವುದಿಲ್ಲ ಎಂಬುದನ್ನು ತಿಳಿಯಲು ಜೀವಶಾಸ್ತ್ರ ಓದಬೇಕಾಗಿಲ್ಲ. ಅಮ್ಮನಿಗೆ ನಿಂತದ್ದು ಮೂವತ್ತಾರಕ್ಕೆ.

ನನ್ನ ಡೈರಿ ತಂದು ಪಕ್ಕದಲ್ಲಿ ಇಟ್ಟೆ. ಅಮ್ಮನ 25, 23, 24, 22, 41. ನನ್ನ 25, 23, 23, 24, 22, 40. ಕೊನೆಯ ಸಲ ಆಗಿ ಅಂದಿಗೆ ಮತ್ತೆ ನಲವತ್ತು ದಿನ ಕಳೆದಿತ್ತು.

ಕೊನೆಗೆ ಸುರುಳಿಯ ಹೊರಗಿನ ಕ್ಯಾಲೆಂಡರು ಉಳಿದಿತ್ತು. ಅಜ್ಜಿ ತೀರಿದ್ದು ಆ ವರ್ಷದ ಆಗಸ್ಟಿನಲ್ಲಿ. ಅಂದು ಅದನ್ನು ಗೋಡೆಯಿಂದ ತೆಗೆದು ಸುತ್ತಿಟ್ಟವಳು ನಾನೇ. ಆಗಸ್ಟಿನ ಆಚೆಯ ಪುಟಗಳನ್ನು ಯಾರೂ ತಿರುಗಿಸಿರಲಿಲ್ಲ. ಆ ಭಾನುವಾರ ತಿರುಗಿಸಿದೆ.

ಅಮ್ಮ ಹಿಂದಿನ ಜಗಲಿಯಲ್ಲಿ ಬಂಗುಡೆ ಕೊಯ್ಯುತ್ತಿದ್ದರು. ಮೊಟ್ಟೆ ತುಂಬಿದ ಮೀನು. ಹೊಟ್ಟೆ ಸೀಳಿ ಎರಡು ಹಳದಿ ಎಸಳುಗಳನ್ನು ಹರಿಯದ ಹಾಗೆ ತೆಗೆದು ಬೇರೆ ಬಟ್ಟಲಿಗೆ ಹಾಕುತ್ತಿದ್ದರು, ತಂಗಿಗೆ ಅದು ಇಷ್ಟ ಎಂದು. ತಂಗಿ ಮೆಟ್ಟಿಲ ಮೇಲೆ ಮೊಬೈಲು ಹಿಡಿದು ಕೂತಿದ್ದಳು. ನಾನು ಕ್ಯಾಲೆಂಡರುಗಳನ್ನು ತಂದು ಮೀನಿನ ನೀರು ತಾಗದಷ್ಟು ದೂರದಲ್ಲಿ ಇಟ್ಟೆ.

"ಡೈರಿ ಮೇಡಂ ಇವತ್ತು ರದ್ದಿ ವ್ಯಾಪಾರಕ್ಕೆ ಇಳಿದ್ರಾ?" ಎಂದಳು ತಂಗಿ.

ನಾನು ಅಂಕಿಗಳನ್ನು ಓದಿದೆ. ಮೊದಲು ಅಮ್ಮನದು, ಆಮೇಲೆ ನನ್ನದು. ಇಪ್ಪತ್ತೆಂಟುಗಳನ್ನು ಓದಲಿಲ್ಲ, ಎಷ್ಟು ಎಂದು ಮಾತ್ರ ಹೇಳಿದೆ. ಅಮ್ಮ ಕೈಯಲ್ಲಿದ್ದ ಮೀನನ್ನು ಮುಗಿಸಿ, ಇನ್ನೊಂದನ್ನು ಎತ್ತಿಕೊಂಡು, ಅದನ್ನೂ ಮುಗಿಸಿದರು.

"ನಿನಗೆ ಕಾಲೇಜಿಗೆ ರಜೆ ಜಾಸ್ತಿ ಆಯ್ತು."

"ಡಾಕ್ಟ್ರ ಹತ್ರ ಐವತ್ತು ಅಂತ ಯಾಕೆ ಹೇಳಿದ್ದು ಅಮ್ಮ?"

ಅವರು ಕತ್ತಿಯನ್ನು ಕೆಳಗಿಟ್ಟರು. ಆಮೇಲೆ ಹೇಳತೊಡಗಿದರು. ಎರಡೂವರೆ ತಿಂಗಳು ಬರದಿದ್ದಾಗ ಮೂರನೆಯದು ಗಂಡು ಎಂದು ಅಜ್ಜಿ ಒಳಗೊಳಗೇ ಹಿಗ್ಗಿದ್ದರಂತೆ. ಅಮ್ಮ ಯಾರಿಗೂ ಹೇಳದೆ ಹೋಗಿ ಪರೀಕ್ಷೆ ಮಾಡಿಸಿದಾಗ ಗರ್ಭ ಇಲ್ಲ, ಇನ್ನು ಆಗುವುದೂ ಇಲ್ಲ ಎಂದು ತಿಳಿಯಿತು. ಅಜ್ಜಿಗೆ ಹೇಳಿದರೆ ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಿದ್ದರು, ಯಾವ ದೋಷ ಎಂದು ಊರಿಡೀ ಮಾತಾಗುತ್ತಿತ್ತು. ಮನೆಗೆ ಬಂದು ತಾನು ಹೊರಗೆ ಎಂದು ಹೇಳಿ ಜಗಲಿಯಲ್ಲಿ ಕೂತರು. ಒಮ್ಮೆ ಹೇಳಿದ ಮೇಲೆ ಮುಂದಿನ ತಿಂಗಳೂ ಹೇಳಬೇಕಾಯಿತು.

"ನಮ್ಮಲ್ಲಿ ಬರಿ ಹೋಗುವುದು ಹೆಣ್ಣಿನಿಂದ," ಎಂದರು. ಬರಿ ಎಂದರೆ ತಾಯಿಯಿಂದ ಮಕ್ಕಳಿಗೆ ಬರುವ ನಮ್ಮ ವಂಶದ ಹೆಸರು. "ಆ ಮನೆಯ ಹೆಣ್ಣುಗಳದ್ದು ಬೇಗ ನಿಲ್ತದೆ ಅಂತ ಒಬ್ಬರ ಬಾಯಿಗೆ ಬಿದ್ದಿದ್ರೆ ನಿಮ್ಮಿಬ್ಬರನ್ನು ಕೇಳ್ಲಿಕ್ಕೆ ಯಾರು ಬರ್ತಿದ್ರು? ನಿನಗಾಗ ಹನ್ನೊಂದು. ಇವಳಿಗೆ ಆರು. ನಾನು ನಿಮಗಾಗಿಯೇ ಎಣಿಸಿದ್ದು ಮಗಾ."

"ಮತ್ತೆ ಕಳೆದ ವರ್ಷ?"

"ಹದಿನಾಲ್ಕು ವರ್ಷ ಹೇಳಿದ್ದು ಬಾಯಿಯಲ್ಲಿ ತಾನೇ ಬಂತು. ಏಳು ಉಂಟಲ್ಲ, ಸಾಕು ಅಂತ ಗ್ರಹಿಸಿದೆ."

ತಂಗಿ ಮೊಬೈಲು ಕೆಳಗಿಟ್ಟಿದ್ದಳು. ತಿಂಗಳಿಗೆ ಮೂರು ದಿನ ಸುಮ್ಮನೆ ಹೊರಗೆ ಕೂರುವುದು ಬೇಸರ ಆಗಲಿಲ್ಲವಾ ಎಂದು ಕೇಳಿದಳು. ಅಮ್ಮ ಅವಳ ಕಡೆ ನೋಡಿದರು. "ಬೇಸರ ಎಂತದ್ದು ಮಾರಾಯ್ತಿ, ನನಗೆ ರೆಸ್ಟ್ ಸಿಗ್ತಿದ್ದದ್ದೇ ಆ ಮೂರು ದಿನ." ಮೂವರೂ ಸ್ವಲ್ಪ ನಕ್ಕೆವು. ಆ ನಗು ನಿಲ್ಲುವ ಮೊದಲೇ ನಾನು ಕೊನೆಯ ಕ್ಯಾಲೆಂಡರನ್ನು ತೆರೆದು ಅಮ್ಮನ ಮುಂದೆ ಹಿಡಿದೆ. ಈಗ ಯೋಚಿಸಿದರೆ ಅಂದು ಅದನ್ನು ತೋರಿಸಬಾರದಿತ್ತು.

ನನ್ನ ನೀಲಿ, ತಂಗಿಯ ಹಸಿರು ಆಗಸ್ಟಿಗೆ ನಿಂತಿದ್ದವು. ಕೆಂಪು ಸುತ್ತುಗಳು ಮಾತ್ರ ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ದಾಟಿ ಡಿಸೆಂಬರ್ ತನಕ ಇದ್ದವು. ಎಲ್ಲವೂ ಅಜ್ಜಿಯ ಅದೇ ಪೆನ್ಸಿಲಿನಲ್ಲಿ, ಇಪ್ಪತ್ತೆಂಟು ದಿನಕ್ಕೊಂದು. ಜನವರಿಯಲ್ಲಿ ಹೊಸ ಕ್ಯಾಲೆಂಡರು ತೂಗಿಸಿದ ದಿನವೇ ಅವರು ವರ್ಷದ ಅಷ್ಟನ್ನೂ ಹಾಕಿಟ್ಟಿದ್ದಿರಬೇಕು.

ಅಮ್ಮ ಸೀರೆಗೆ ಕೈ ಒರೆಸಿಕೊಂಡು ಕಾಗದವನ್ನು ಹತ್ತಿರ ತಂದು ನೋಡಿದರು. ಡಿಸೆಂಬರಿನ ಸುತ್ತಿನ ಮೇಲೆ ಅವರ ಹೆಬ್ಬೆರಳಿನಿಂದ ಒಂದು ಮೀನಿನ ಪೊರೆ ಅಂಟಿತು.

"ಅವರಿಗೆ ಗೊತ್ತಿತ್ತು," ಎಂದರು. "ಗೊತ್ತಿದ್ದೂ ತಂಬಿಲದ ದಿನ ನನ್ನನ್ನು ಹೊರಗೆ ಕೂರ್ಲಿಕ್ಕೆ ಬಿಟ್ಟರು."

ಅಂದು ಮೀನು ಸಾರು ಆಯಿತು. ಮೊಟ್ಟೆಯ ಬಟ್ಟಲನ್ನು ತಂಗಿ ಮುಟ್ಟಲಿಲ್ಲ.

ಮೇ ಇಪ್ಪತ್ತಮೂರು, ಶನಿವಾರ. ಫಳ್ನೀರು. ನಾನು ಮಾತಾಡುವ ಮೊದಲೇ ಅಮ್ಮ ಡಾಕ್ಟರ ಮೇಜಿನ ಮುಂದೆ ನಿಂತು, "ಅವತ್ತು ನಾನು ಹೇಳಿದ್ದು ಸುಳ್ಳು ಡಾಕ್ಟ್ರೇ. ಮೂವತ್ತಾರು," ಎಂದರು. ಡಾಕ್ಟರು ಬಯ್ಯಲಿಲ್ಲ. ಫೈಲು ತೆರೆದು ಐವತ್ತನ್ನು ಹೊಡೆದು ಹಾಕಿ ಪಕ್ಕದಲ್ಲಿ ಮೂವತ್ತಾರು ಬರೆದರು. ಪೆನ್ನಿನ ಮುಚ್ಚಳ ಹಾಕುತ್ತಾ, "ಒಂದು ವರ್ಷ ಹೋಯ್ತಲ್ಲ ಅಮ್ಮ," ಎಂದರು.

ಸ್ಕ್ಯಾನ್: ಎಡ 2, ಬಲ 1, ಒಟ್ಟು 3.

ಇರುವ ಅಂಡಾಣುಗಳನ್ನು ಈಗಲೇ ತೆಗೆದು ಫ್ರೀಜ್ ಮಾಡಿ ಇಡೋಣ, ತಡ ಮಾಡುವ ಹಾಗಿಲ್ಲ ಎಂದರು. ಇಪ್ಪತ್ತಾರಕ್ಕೆ ತಿಂಗಳು ಬಂತು, ನಲವತ್ತೊಂಬತ್ತನೆಯ ದಿನಕ್ಕೆ. ಇಪ್ಪತ್ತೇಳರಿಂದ ಇಂಜೆಕ್ಷನ್ ತೊಡಗಿತು. ಹೊಕ್ಕುಳಿನ ಆಚೀಚೆ ಚುಚ್ಚುವ ಕೆಲಸವನ್ನು ತಂಗಿ ವಹಿಸಿಕೊಂಡಳು. ಪ್ರತಿ ಸಲ ಎಷ್ಟನೆಯದು ಎಂದು ಬರೆದುಕೊಂಡೆಯಾ ಎಂದು ಕೆಣಕುತ್ತಿದ್ದಳು. ಬರೆದುಕೊಂಡಿದ್ದೆ, ಒಟ್ಟು ಹದಿನೆಂಟು. ಅರ್ಧದಲ್ಲಿ ನಿಂತ ಅಂಡಾಣುವನ್ನು ಎಬ್ಬಿಸುವ ಕೊನೆಯ ಇಂಜೆಕ್ಷನ್, ಅಂಡಾಣು ಹೊರತೆಗೆಯುವ ಹೊತ್ತಿಗೆ ಸರಿಯಾಗಿ ಮೂವತ್ತಾರು ಗಂಟೆ ಮೊದಲು ಆಗಬೇಕು. ಅದನ್ನು ಚುಚ್ಚುವಾಗ ತಂಗಿ ತಮಾಷೆ ಮಾಡಲಿಲ್ಲ. ಗಡಿಯಾರವನ್ನು ಎರಡೆರಡು ಸಲ ನೋಡಿಕೊಂಡಳು. ನನಗಾಗಿ ಮಾತ್ರ ಹೆದರಿದ್ದಾಳೆ ಎಂದು ನಾನು ಅಂದುಕೊಂಡಿದ್ದೆ.

ಜೂನ್ ಎಂಟು, ಸೋಮವಾರ. ಬೆಳಗಿನಿಂದ ಎಡೆಬಿಡದೆ ಮಳೆ. ನನಗೆ ಎಚ್ಚರ ಬಂದಾಗ ಅಮ್ಮ ಕಾಲ ಬಳಿ ಕೂತಿದ್ದರು. ಸ್ವಲ್ಪ ಹೊತ್ತಿಗೆ ಲ್ಯಾಬಿನ ಹುಡುಗಿ ಒಂದು ಚೀಟಿ ಹಿಡಿದು ಬಂದಳು. ಮೂರು ಗುಳ್ಳೆಗಳಲ್ಲಿ ಒಂದು ಬರಿದಾಗಿತ್ತು. ಎರಡು ಅಂಡಾಣು ಸಿಕ್ಕಿದವು. ಅದರಲ್ಲಿ ಒಂದು ಪಕ್ವವಾಗಿದೆ, ಅದನ್ನು ಇಟ್ಟಿದ್ದೇವೆ.

"ಇನ್ನೊಂದು?" ಎಂದರು ಅಮ್ಮ.

"ಅದು ಮುಂದೆ ಹೋಗ್ಲಿಲ್ಲ ಆಂಟಿ. ನಿಂತಲ್ಲೇ ಉಂಟು."

ಎಲ್ಲಿ ನಿಂತಿದೆ ಎಂದು ನನಗೆ ಗೊತ್ತಿತ್ತು. ನಾನು ಅಮ್ಮನ ಹೊಟ್ಟೆಯಲ್ಲಿದ್ದಾಗ, ಅಜ್ಜಿ ಅದೇ ಅಡುಗೆಮನೆಯಲ್ಲಿ ಓಡಾಡುತ್ತಿದ್ದಾಗ ಅದು ಒಡೆಯಲು ತೊಡಗಿ ನಿಂತಿತ್ತು. ಇಷ್ಟು ವರ್ಷ ನನ್ನ ಜೊತೆ ಶಾಲೆಗೆ, ಕಾಲೇಜಿಗೆ ಬಂತು. ಎಬ್ಬಿಸಿದಾಗ ಏಳಲಿಲ್ಲ. ಅಂದಿನ ಪುಟದಲ್ಲಿ 3, 2, 1 ಎಂದು ಮೂರು ಅಂಕಿ ಬರೆದು ನೋಡಿದೆ. ನಾಲ್ಕನೆಯದು ತಾನಾಗಿ ಬರುವ ಹಾಗೆ ಕಂಡು ಪುಸ್ತಕ ಮುಚ್ಚಿದೆ. ಒಂದೇ ಅಂಡಾಣುವಿನ ಮೇಲೆ ಭರವಸೆ ಇಡುವುದು ಕಷ್ಟ, ಹದಿನಾಲ್ಕು ದಿನದ ಒಳಗೆ ತಿಂಗಳು ಬರುತ್ತದೆ, ಬಂದ ಕೂಡಲೇ ಇನ್ನೊಂದು ಸಲ ಪ್ರಯತ್ನ ಮಾಡುವ ಎಂದು ಡಾಕ್ಟರು ಹೇಳಿ ಕಳುಹಿಸಿದರು.

ಜೂನ್ ಹದಿನೈದರಿಂದ ಮತ್ತೆ ಕಾಲೇಜು. ಅದೇ ಪಾಠ. ಎಡಕ್ಕೆ ನಾಲ್ಕು ವೀರ್ಯಾಣು, ಬಲಕ್ಕೆ ಒಂದು ಅಂಡಾಣು ಬರೆದೆ. ವಿಭಜನೆ ನಿಲ್ಲುವ ಜಾಗದಲ್ಲಿ ಬಾಣ ಹಾಕಿ ಗುರುತಿಸಿದೆ. ಗೋದಾಮಿನ ಮಾತು ಹೇಳಲಿಲ್ಲ. ಎರಡನೇ ಬೆಂಚಿನ ಒಬ್ಬಳು ಚಿತ್ರ ಬರೆದುಕೊಳ್ಳುತ್ತಾ ತಲೆ ಎತ್ತಿ, ಹಾಗಾದರೆ ತಮ್ಮದೆಲ್ಲ ಈಗಾಗಲೇ ಎಣಿಕೆಯಾಗಿದೆಯಾ ಮಿಸ್ ಎಂದು ಕೇಳಿದಳು. ಹೌದು ಎಂದೆ. ಎಷ್ಟು ಉಳಿದಿದೆ ಎಂದು ತಿಳಿಯುವುದು ಹೇಗೆ ಎಂದು ಕೇಳಿದಳು. ಬೆಲ್ ಆಯಿತು.

ಜೂನ್ ಇಪ್ಪತ್ತೆರಡಕ್ಕೆ ಹದಿನಾಲ್ಕು ದಿನ ಮುಗಿಯಿತು. ತಿಂಗಳು ಬರಲಿಲ್ಲ. ಮೂವತ್ತಕ್ಕೂ ಬರಲಿಲ್ಲ. ನನ್ನದೂ ನಿಂತೇ ಹೋಯಿತೇ ಎಂದು ನೋಡಲು ಡಾಕ್ಟರು ರಕ್ತ ಪರೀಕ್ಷೆಗೆ ಬರೆದುಕೊಟ್ಟಿದ್ದಾರೆ.

ಈ ನಡುವೆ ಒಂದು ಸಂಜೆ ತಂಗಿ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತಳು. ಅವಳಿಗೆ ಈಗ ಇಪ್ಪತ್ತೈದು. ತನ್ನದೂ ನಾಲ್ಕು ತಿಂಗಳಿನಿಂದ ಬೇಗ ಬೇಗ ಬರುತ್ತಿದೆ ಎಂದಳು. ಎಷ್ಟು ದಿನಕ್ಕೆ ಎಂದು ಕೇಳಿದೆ.

"ನಾನು ನಿನ್ನ ಹಾಗೆ ಬರೆದಿಟ್ಟಿಲ್ಲ ಅಕ್ಕ," ಎಂದಳು.

ಅವಳಿಗೆ ಒಂದು ಹೊಸ ಪುಸ್ತಕ ಕೊಟ್ಟೆ. ಅಮ್ಮನಿಗೂ ಹೇಳಿದೆವು. ಅಮ್ಮ ಬಾರ್ಲಿ ನೀರಿನ ಮಾತು ಎತ್ತಲಿಲ್ಲ. ಮರುದಿನ ತಾವೇ ಕ್ಲಿನಿಕ್ಕಿಗೆ ಫೋನ್ ಮಾಡಿ, ತಮ್ಮ ಹೆಸರು ಹೇಳಿ, ತಮ್ಮದು ಮೂವತ್ತಾರಕ್ಕೆ ನಿಂತದ್ದು, ಸಣ್ಣವಳನ್ನು ತೋರಿಸಬೇಕು ಎಂದು ಗಟ್ಟಿಯಾಗಿ ಹೇಳಿದರು. ಪಕ್ಕದ ಮನೆಗೂ ಕೇಳಿಸಿರಬೇಕು.

ಇಂದು ಜುಲೈ ಒಂಬತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರುವ ಶನಿವಾರ, ಹನ್ನೊಂದರ ಮೇಲೆ ಅಮ್ಮ ಕೆಂಪು ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿದ್ದಾರೆ. ಅಜ್ಜಿ ಹೋದ ಮೇಲೆ ಆ ಗೋಡೆಯಲ್ಲಿ ಇದೇ ಮೊದಲನೆಯದು. ತಂಗಿಯ ಸ್ಕ್ಯಾನ್, ಹತ್ತೂವರೆಗೆ. ನನ್ನದು ಇನ್ನೂ ಬಂದಿಲ್ಲ, ಜೂನ್ ಎಂಟರಿಂದ ಇಂದಿಗೆ ಮೂವತ್ತೊಂದು ದಿನ. ಬೆಳಿಗ್ಗೆ ಅಮ್ಮ ದೈವದ ಕೋಣೆಗೆ ದೀಪ ಇಡಲು ಹೋಗುವ ಮೊದಲು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವರು ಒಳಗೆ ಹೋದರು.